ಅರ್ಧ ಎತ್ತಿದ ಕೈ

ಕನ್ನಡಿಯಲ್ಲಿ ಮತ್ತೆ ಅವನ ಹಣೆ, ಬೆಳಿಗ್ಗೆ ಹಚ್ಚಿಕೊಂಡ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿದಿದೆ, ರಸ್ತೆ ಕುಲುಕಿದಂತೆಲ್ಲ ಹಣೆಯೂ ಕುಲುಕುತ್ತದೆ, ನನ್ನ ಸೈಕಲ್ಲಿನ ಹ್ಯಾಂಡಲ್ ತುದಿಯ ಈ ಅಂಗೈಯಗಲದ ಕನ್ನಡಿಯೊಳಗೆ ಇಡೀ ಗುರುಬಸವರಾಜ್ ಹಿಡಿಸಿದ್ದಾನೆ, ಹೊನ್ನಾಳಿಯಲ್ಲಿ ಇದನ್ನು ಕೊಂಡಾಗ ಅಂಗಡಿಯವನು ಹಿಂದಿನ ಗಾಡಿ ನೋಡಾಕೆ ಭಾಳ ಚಲೋ ಐತೆ ತಗಳವಾ ಅಂದ, ಹಿಂದಿನ ಗಾಡಿ ಯಾರಿಗೆ ಬೇಕಾಗಿತ್ತು, ನನಗೆ ಬೇಕಾಗಿದ್ದು ಹಿಂದಿನ ವರ್ಷ, ಅದು ಈಗ ನನ್ನ ಬೆನ್ನ ಹಿಂದೆ ಉಸಿರು ಬಿಡುತ್ತ ತುಳಿದುಕೊಂಡು ಬರುತ್ತಿದೆ, ಬಾರಪ್ಪ ಬಾ, ನಿಧಾನಕ್ಕೆ ಬಾ, ಗಡಿ ಇನ್ನೂ ದೂರ ಇದೆ. ಎಲ್ಲರಿಗೂ ಅವನು ಗುರಣ್ಣ, ಸಂತೇಬೆನ್ನೂರಿನಲ್ಲಿ ಬೀಜ ಗೊಬ್ಬರದ ಅಂಗಡಿ, ನನಗೆ ಮಾತ್ರ ಗುರುವಲ್ಲ, ಗುರಿ, ನ್ಯಾಮತಿಯ ಹೈಸ್ಕೂಲಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸುವವಳಿಗೆ ಇದೇನು ಕಷ್ಟ, ಕೊಂಬು ಕಿತ್ತು ಗುಡಿಸು ಹಾಕಿದರೆ ಆಯಿತು, ಕೊಂಬು ಕೀಳುವುದೇ ಇವತ್ತಿನ ಪಾಠ — ಎಡಕ್ಕೆ ಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರಗಳು, ಒಂದೊಂದಕ್ಕೂ ಮೂರು ಮೂರು ಕೈ, ಬೀಸುತ್ತವೆ, ಬೀಸುತ್ತಲೇ ಇವೆ, ಇಷ್ಟೊಂದು ಕೈ ಇಲ್ಲಿ ಸುಮ್ಮನೆ ಗಾಳಿಗೆ ತಿರುಗುತ್ತಿವೆ, ಅಲ್ಲಿ ಒಂದೇ ಒಂದು ಕೈ ಪೂರ್ತಿ ಎದ್ದಿದ್ದರೆ ಸಾಕಾಗಿತ್ತು. ಜಗಳೂರು ಬಿಟ್ಟಾಗ ಚಳಿಯಿತ್ತು, ಈಗ ಬಿಸಿಲು ಕುತ್ತಿಗೆ ಹಿಡಿದಿದೆ, ಮೂಡಗಾಳಿ ಎದುರಿಗೇ ಬಂದು ಎದೆಗೆ ಗುದ್ದುತ್ತದೆ, ರಾತ್ರಿ ಬಿದ್ದ ಮಳೆಗೆ ಜಾಲಿ ಗಿಡಗಳು ತೊಳೆದಿಟ್ಟ ಹಾಗಿವೆ, ಮಳೆ ಬಿದ್ದದ್ದು ಒಳ್ಳೆಯದೇ ಆಯಿತು, ಗುಂಡಿಯಲ್ಲಿ ನೀರು ನಿಂತಿರುತ್ತದೆ, ನೀರು ನಿಂತ ಗುಂಡಿ ಗುಂಡಿಯ ಹಾಗೆ ಕಾಣುವುದಿಲ್ಲ, ಒಂದು ತುಂಡು ಆಕಾಶ ಕೆಳಗೆ ಬಿದ್ದ ಹಾಗೆ ಕಾಣುತ್ತದೆ.

ಪೀಪಿ. ಶಿವಮೂರ್ತಪ್ಪ ಮೇಷ್ಟ್ರು ಸಾಲಿನ ಬಾಲದಿಂದ ಊದುತ್ತಿದ್ದಾರೆ, ಮುಂದಿನವರು ಬದಲಾಗಿ ಅಂತ ಅರ್ಥ, ಹೊನ್ನಾಳಿಯ ನಿವೃತ್ತ ಪಿ.ಟಿ. ಮೇಷ್ಟ್ರು, ಪಿ.ಟಿ. ಹೋಯಿತು ಪೀಪಿ ಉಳಿಯಿತು, ಪ್ರತಿ ನವೆಂಬರಿನಲ್ಲಿ ನ್ಯಾಮತಿಯಿಂದ ಹೊರಟು ಹೊನ್ನಾಳಿ, ಚನ್ನಗಿರಿ, ಸಂತೇಬೆನ್ನೂರು, ಜಗಳೂರು, ಆಮೇಲೆ ಮೊಳಕಾಲ್ಮೂರು ದಾಟಿ ಆಂಧ್ರದ ಗಡಿಗಲ್ಲು ಮುಟ್ಟಿ ಬರುವ ಈ ಸೈಕಲ್ ಯಾತ್ರೆಯನ್ನು ಶುರು ಮಾಡಿದವರು ಅವರೇ, ಮುಟ್ಟುವ ತನಕ ಸೈಕಲ್ಲು, ವಾಪಸ್ ಬರಲು ಜಂಪಣ್ಣನ ಟೆಂಪೋ, ಅವನು ಬಾಳೆಹಣ್ಣು, ನೀರಿನ ಕ್ಯಾನು, ಪಂಕ್ಚರ್ ಸಾಮಾನು ತುಂಬಿಕೊಂಡು ಹಿಂದೆ ಹಿಂದೆ ಬರುತ್ತಾನೆ. ಒಬ್ಬರ ಹಿಂದೆ ಒಬ್ಬರು, ಚಕ್ರಕ್ಕೆ ಚಕ್ರ ತಾಗಿದಂತೆ, ಮುಂದಿನವನು ಗಾಳಿ ಸೀಳುತ್ತಾನೆ, ಹಿಂದಿನವನು ಅವನ ಬೆನ್ನ ಮರೆಯಲ್ಲಿ ಸುಖವಾಗಿ ಬರುತ್ತಾನೆ, ಸುಖಕ್ಕೆ ಬೆಲೆ ಏನೆಂದರೆ ಹಿಂದಿನವನಿಗೆ ರಸ್ತೆ ಕಾಣುವುದಿಲ್ಲ, ಬೆನ್ನೇ ಕಾಣುವುದು. ಅದಕ್ಕೇ ಮೇಷ್ಟ್ರ ಕಾನೂನು, ಗುಂಡಿ ಕಂಡರೆ ಗುಂಡಿ ಎಂದು, ಕುರಿ ಕಂಡರೆ ಕುರಿ ಎಂದು, ಡಾಂಬರಿನ ಮೇಲೆ ಮೆಕ್ಕೆಜೋಳ ಒಣಹಾಕಿದ್ದರೆ ಜೋಳ ಎಂದು, ಎಡಗೈ ನೆಟ್ಟಗೆ ತಲೆಯ ಮೇಲಕ್ಕೆ ಎತ್ತಿ ಕೂಗಬೇಕು, ಹಿಂದಿನವನು ಅದನ್ನೇ ಕೂಗಿ ತನ್ನ ಹಿಂದಿನವನಿಗೆ ದಾಟಿಸಬೇಕು, ಕರೆಂಟ್ ಕಂಬದಂಗೆ ಎತ್ರೋ ಕೈನ, ಅರ್ಧ ಎತ್ತಬ್ಯಾಡ್ರಿ, ಅರ್ಧ ಎತ್ತಿದ್ರೆ ಅವನು ಬೆವರು ಒರೆಸಿಕಳ್ತಾನೋ ಗುಂಡಿ ತೋರಿಸ್ತಾನೋ ಯಾವನಿಗ್ ಗೊತ್ತಾಗ್ತೈತೆ, ಮುಂದಿರೋನ ಕೈಯೇ ಹಿಂದಿರೋನ ಕಣ್ಣು, ತಿಳೀತಾ. ತಿಳೀತು ಮೇಷ್ಟ್ರೇ. ಈ ಮಾತನ್ನು ಮೇಷ್ಟ್ರ ದನಿಯಲ್ಲೇ ಹೇಳಿ ನಾನು ಎಷ್ಟು ಸಲ ನಗಿಸಿದ್ದೇನೆ, ಮಾತಿನ ಕೊನೆಗೆ ಅವರು ಹಲ್ಲುಕಟ್ಟು ಸರಿ ಮಾಡಿಕೊಳ್ಳುವ ಚಪ್ ಎನ್ನುವ ಸದ್ದನ್ನೂ ಸೇರಿಸಿ. ಗಡಿಗಲ್ಲನ್ನು ಮೊದಲು ಮುಟ್ಟಿದವರಿಗೆ ಗಡಿಗೌಡ ಎಂದು ಬಿರುದು ಕೊಟ್ಟವಳೂ ನಾನೇ, ತಮಾಷೆಗೆ ಕೊಟ್ಟೆ, ತಮಾಷೆಗೆ ಯಾರೋ ಒಂದು ಜರಿ ಪೇಟ ತಂದರು, ಹಳೆಯ ಗಡಿಗೌಡ ಹೊಸಬನ ತಲೆಗೆ ಸ್ವಂತ ಕೈಯಿಂದ ಸುತ್ತಬೇಕು ಎಂದು ಪದ್ಧತಿಯಾಯಿತು, ಬರಬರುತ್ತ ತಮಾಷೆ ಹೋಗಿ ಪೇಟ ಉಳಿಯಿತು, ಮೂರು ವರ್ಷ ಒಂದೇ ತಲೆಯ ಮೇಲೆ, ಗುರಣ್ಣನ ತಲೆಯ ಮೇಲೆ ಉಳಿಯಿತು.

ನಾನು ಪಕ್ಕಕ್ಕೆ ಸರಿಯುತ್ತೇನೆ, ಸಂಧ್ಯಾರಾಣಿ ಮುಂದೆ ಹೋಗುತ್ತಾಳೆ, ಚನ್ನಗಿರಿಯಲ್ಲಿ ಸ್ಟಾಫ್ ನರ್ಸು, ಸೂಜಿ ಚುಚ್ಚುವಷ್ಟೇ ನೆಟ್ಟಗೆ ಸೈಕಲ್ ಹೊಡೆಯುತ್ತಾಳೆ, ಮುಂದಿನವರಿಂದ ಯಾವಾಗಲೂ ಎರಡಾಳು ಅಂತರ ಬಿಡುತ್ತಾಳೆ, ಆ ಅಂತರವನ್ನು ನಾನು ಲೆಕ್ಕಕ್ಕೆ ಹಿಡಿದಿದ್ದೇನೆ, ಬೀಳಬೇಕಾದವನು ಒಬ್ಬನೇ, ಅವನ ಹಿಂದಿನವರಿಗೆ ಬ್ರೇಕ್ ಹಿಡಿಯಲು ಜಾಗ ಬೇಕು. ಏನವಾ ರಕ್ಷಾ, ಬೆಳಿಗ್ಗಿಂದ ಮಾತೇ ಇಲ್ಲ, ಯಾರ ದನೀನೂ ಮಾಡ್ಲಿಲ್ಲ, ಗುರಣ್ಣ ಪಕ್ಕಕ್ಕೆ ಬಂದು ಕೇಳುತ್ತಾನೆ. ಗಂಟಲು ಕಟ್ಟೈತೆ ಗುರಣ್ಣ. ಬಿಸಿನೀರಿಗೆ ಉಪ್ಪು ಹಾಕ್ಕೊಂಡು ಗುಳುಗುಳು ಮಾಡು, ಸಂಜಿಕೆ ನನ್ ದನಿ ಮಾಡ್ಬೇಕು ಮತ್ತೆ, ಅದಿಲ್ಲದಿದ್ರೆ ಯಾತ್ರೆ ಮುಗಿದಂಗೇ ಆಗಾಕಿಲ್ಲ. ಮಾಡ್ತೀನಿ ತಡೀರಿ. ಮಾಡದೇ ಬಿಡುತ್ತೇನೆಯೇ. ಅವನ ದನಿ ನನ್ನ ಗಂಟಲಿನಲ್ಲಿ ವರ್ಷದಿಂದ ಸಿಕ್ಕಿಕೊಂಡಿದೆ, ಮೂಗಿನಿಂದ ಹೊರಟು ಕೊನೆಗೆ ಎಳೆಯುವ ಆ ಕಣ್ರಪ್ಪಾ, ಗೊಬ್ಬರದ ಚೀಲ ಇಳಿಸಿಟ್ಟಂತೆ ಭಾರವಾಗಿ ಇಳಿಯುವ ಕಣ್ರಪ್ಪಾ, ಅದನ್ನು ಸ್ನಾನದ ಮನೆಯಲ್ಲಿ, ಬಸ್ಸಿನಲ್ಲಿ, ಪರೀಕ್ಷೆಯ ಹಾಲಿನಲ್ಲಿ ಹುಡುಗರು ಬರೆಯುತ್ತಿರುವಾಗ ತುಟಿಯೊಳಗೇ ಹೇಳಿಕೊಂಡಿದ್ದೇನೆ, ನಾ ನೋಡ್ಲೇ ಇಲ್ಲ ಕಣ್ರಪ್ಪಾ, ನೋಡಿದ್ರೆ ಕೈ ಎತ್ತದಂಗೆ ಇರ್ತಿದ್ನಾ — ನಿನ್ನೆ ಮಧ್ಯಾಹ್ನ ಸಂತೇಬೆನ್ನೂರಿನಲ್ಲಿ ಅವನ ಮನೆಯಲ್ಲೇ ಊಟ, ಪ್ರತಿ ವರ್ಷದಂತೆ, ಹೋಳಿಗೆಗೆ ತುಪ್ಪ ಅವನೇ ಹಾಕಿದ, ಅಣ್ಣಂಗೂ ಎರಡು ಕಟ್ಟಿಸಿ ಕೊಡ್ಲೇನವಾ ಅಂದ, ಬ್ಯಾಡ ಗುರಣ್ಣ, ಟೆಂಪೋದಾಗೆ ಹಳಸ್ತಾವೆ ಅಂದೆ, ನಾನು ಮಾತ್ರ ಇನ್ನೊಂದು ಹಾಕಿಸಿಕೊಂಡೆ, ಹಗೆಯ ಮನೆಯ ಹೋಳಿಗೆ ಎಷ್ಟು ಮೆತ್ತಗೆ ಎಷ್ಟು ಸಿಹಿ, ತಿನ್ನುತ್ತ ಅವನ ಎಡಗೈಯನ್ನೇ ನೋಡುತ್ತಿದ್ದೆ, ಉಂಗುರದ ಬೆರಳಿನಲ್ಲಿ ಹವಳ, ಕೆಂಪಗೆ, ಆ ಕೈ ತುಪ್ಪದ ಚೊಂಬಿನ ಕಡೆಗೆ ಎದ್ದಾಗಲೆಲ್ಲ ಎಷ್ಟು ಎತ್ತರಕ್ಕೆ ಏಳುತ್ತದೆ ಎಂದು ಅಳೆಯುತ್ತಿದ್ದೆ.

ಯಾಕೆಂದರೆ ನಾನು ನೋಡಿದ್ದೇನೆ. ಹೋದ ವರ್ಷ, ಇದೇ ಯಾತ್ರೆ, ಇದೇ ಕೊನೆಯ ದಿನ, ಗಡಿಗಲ್ಲು ಕಣ್ಣಿಗೆ ಬಿದ್ದಿತ್ತು, ಮುಂದೆ ಗುರಣ್ಣ, ಅವನ ಹಿಂಚಕ್ರಕ್ಕೆ ಅಂಟಿಕೊಂಡು ನಮ್ಮಣ್ಣ ಭೀಮೇಶ್, ಅಣ್ಣನ ಹಿಂದೆ ನಾನು. ಅಣ್ಣನ ಬೆನ್ನಿನಲ್ಲಿ ಇನ್ನೂ ಕಸುವಿತ್ತು, ಗುರಣ್ಣನ ಮೊಣಕಾಲುಗಳು ಆಗಲೇ ದಣಿದು ಹೊರಕ್ಕೆ ಬಾಗಿದ್ದವು, ಪಕ್ಕಕ್ಕೆ ಸರಿದು ನಾಲ್ಕು ತುಳಿತ ತುಳಿದರೆ ಅಣ್ಣ ಗಡಿಗೌಡ, ಅದು ಎಲ್ಲರಿಗೂ ಗೊತ್ತಿತ್ತು, ಹಿಂದಿನ ಸಂಜೆ ಜಗಳೂರಿನಲ್ಲಿ ಮಿರ್ಚಿ ಮಂಡಕ್ಕಿ ತಿನ್ನುತ್ತ ಜಂಪಣ್ಣ ಹೇಳಿಯೂ ಬಿಟ್ಟಿದ್ದ, ನಾಳಿಕೆ ಪೇಟ ನಮ್ ಭೀಮೇಶಂಗೇ ನೋಡ್ರಿ, ಗುರಣ್ಣ, ನೀವೇ ಸುತ್ತಬೇಕು. ಎಲ್ಲರೂ ನಕ್ಕರು. ಸುತ್ತಾನ ಬಿಡು, ಅದಕ್ಕೇನು, ಅಂದ ಗುರಣ್ಣ, ಅಂದವನು ಮಂಡಕ್ಕಿ ಪೊಟ್ಟಣ ಮಡಿಸಿ ಪಕ್ಕಕ್ಕಿಟ್ಟ, ಆಮೇಲೆ ತಿನ್ನಲಿಲ್ಲ. ಗೋವಿನಕೋವಿಯ ನಮ್ಮ ಕೇರಿಯವರ ತಲೆಗೆ ಗುರಣ್ಣನ ಜಾತಿಯವರ ಕೈ ಪೇಟ ಸುತ್ತಿದ್ದನ್ನು ನಮ್ಮವ್ವ ಕರಿಬಸಮ್ಮ ಕಂಡಿಲ್ಲ, ಅವ್ವನ ಅವ್ವ ಕಂಡಿಲ್ಲ, ನಾನು ಕಾಣುವುದಿತ್ತು. ಕಲ್ಲಿಗಿಂತ ಸ್ವಲ್ಪ ಈಚೆಗೆ ಎರಡು ಡಾಂಬರು ಸೇರುತ್ತವೆ, ಈ ಕಡೆಯದು ಕಪ್ಪು, ಆ ಕಡೆಯದು ಬೂದಿ, ಈ ಕಡೆಯ ಗುತ್ತಿಗೆದಾರ ಇಲ್ಲಿಗೆ ನಿಲ್ಲಿಸಿದ, ಆ ಕಡೆಯವನು ಅಲ್ಲಿಗೆ ನಿಲ್ಲಿಸಿದ, ನಡುವೆ ಉಳಿದದ್ದು ಯಾರದೂ ಅಲ್ಲ, ಯಾರದೂ ಅಲ್ಲದ್ದು ಗುಂಡಿಯಾಯಿತು. ಗುರಣ್ಣನ ಎಡಗೈ ಹ್ಯಾಂಡಲ್ ಬಿಟ್ಟಿತು. ಎದ್ದಿತು. ಸೊಂಟ ದಾಟಿ, ಪಕ್ಕೆ ದಾಟಿ, ಭುಜದ ಮಟ್ಟಕ್ಕೆ ಬಂತು, ಮೊಣಕೈ ಮಡಚಿಯೇ ಇತ್ತು, ಬೆರಳು ಬಿಚ್ಚಿದ್ದವು, ಹವಳ ಬಿಸಿಲಿಗೆ ಒಮ್ಮೆ ಮಿನುಗಿತು, ಅಲ್ಲೇ ನಿಂತಿತು, ಆ ಕೈ ಯೋಚನೆ ಮಾಡಿತು, ಕೈ ಯೋಚನೆ ಮಾಡುವುದನ್ನು ನಾನು ಜೀವಮಾನದಲ್ಲಿ ಅದೊಂದೇ ಸಲ ನೋಡಿದ್ದು — ಆಮೇಲೆ ಮೆಲ್ಲಗೆ ಇಳಿದು ಹ್ಯಾಂಡಲ್ ಹಿಡಿದುಕೊಂಡಿತು. ಅವನ ಸೈಕಲ್ಲು ಹಾವಿನ ಹಾಗೆ ಬಲಕ್ಕೆ ಜಾರಿತು. ಅಣ್ಣನ ಮುಂಚಕ್ರ ನೆಟ್ಟಗೆ ಒಳಗೆ ಹೋಯಿತು. ಸದ್ದು, ಒಣ ತೆಂಗಿನ ಗರಿ ಮುರಿದಂತೆ, ನಾನು ಬ್ರೇಕ್ ಹಿಡಿದು ರಸ್ತೆಯಂಚಿನ ಮಣ್ಣಿಗೆ ಬಿದ್ದೆ, ತಲೆಯೆತ್ತಿ ನೋಡಿದರೆ ಗುರಣ್ಣ ಕಲ್ಲು ಮುಟ್ಟುತ್ತಿದ್ದಾನೆ, ಮೊದಲು ಕಲ್ಲು ಮುಟ್ಟಿದ, ಆಮೇಲೆ ತಿರುಗಿ ನೋಡಿದ.

ಕೈ ಕೊಟ್ಟ ಎನ್ನುತ್ತೇವಲ್ಲ, ಕೈ ತೋರಿಸಬೇಕಾದವನು ಕೈ ಕೊಟ್ಟ. ಅಣ್ಣ ಲೈನ್‌ಮನ್, ಕರೆಂಟ್ ಕಂಬ ಹತ್ತುವವನು, ಸೈಕಲ್ ಸಾಲಿನಲ್ಲೂ ಅವನೇ ಲೈನ್‌ಮನ್ ಅಂತ ನಾನು ಕೀಟಲೆ ಮಾಡುತ್ತಿದ್ದೆ, ಎಡಭುಜದ ಕೀಲು ಪುಡಿಯಾಯಿತು, ಸರಳು ಹಾಕಿದರು, ಇಷ್ಟೇ ಏಳೋದು ಇನ್ಮೇಲೆ ಅಂದರು ದಾವಣಗೆರೆಯ ಡಾಕ್ಟರು, ಇಷ್ಟು ಎಂದರೆ ಭುಜದ ಮಟ್ಟ, ಮೊಣಕೈ ಮಡಚಿ, ಬೆರಳು ಬಿಚ್ಚಿ, ಅದೇ ಕೈ, ಗುರಣ್ಣನ ಅರ್ಧ ಎದ್ದ ಕೈಯನ್ನೇ ಕತ್ತರಿಸಿ ತಂದು ಅಣ್ಣನಿಗೆ ಅಂಟಿಸಿದ ಹಾಗಿತ್ತು. ಕಂಬ ಹತ್ತುವುದು ಮುಗಿಯಿತು. ಈಗ ಆಫೀಸಿನಲ್ಲಿ ಕೂತು ಫೋನ್ ಎತ್ತುತ್ತಾನೆ, ಎತ್ತಲಾಗುವುದು ಅದೊಂದೇ, ಯಾವಾಗ್ರೀ ಕರೆಂಟ್ ಬರೋದು, ಬರ್ತೈತೆ ತಡೀರಿ ಯಜಮಾನ್ರೇ, ಎಲ್ಲಿ ಬಂತ್ರೀ, ಬರ್ತೈತೆ ಅಂದ್ನಲ್ರೀ, ಇದನ್ನು ನಾನು ಎರಡೂ ದನಿಯಲ್ಲಿ ಮಾಡಿ ತೋರಿಸಿದರೆ ಅಣ್ಣ ನಗುತ್ತಾನೆ, ನಗುತ್ತ ಕಣ್ಣೊರೆಸಿಕೊಳ್ಳಲು ಬಲಗೈ ಎತ್ತುತ್ತಾನೆ, ಎಡಗೈ ಮರೆತೇ ಬಿಟ್ಟಿದ್ದಾನೆ, ಅಂಗಿ ಗೂಟಕ್ಕೆ ಹಾಕುವಾಗ ಮಾತ್ರ ನೆನಪಾಗುತ್ತದೆ, ಅರ್ಧಕ್ಕೆ ನಿಲ್ಲುತ್ತದೆ, ಅಂಗಿ ನೆಲಕ್ಕೆ ಬೀಳುತ್ತದೆ. ಗುರಣ್ಣ ಆಸ್ಪತ್ರೆಗೆ ಎಳನೀರು ತಂದಿದ್ದ, ಹಾಸಿಗೆಯ ಪಕ್ಕ ಕೂತು ಅಣ್ಣನ ಕೈ ಹಿಡಿದುಕೊಂಡಿದ್ದ, ನಾ ನೋಡ್ಲೇ ಇಲ್ಲ ಕಣ್ರಪ್ಪಾ, ನೋಡಿದ್ರೆ ಕೈ ಎತ್ತದಂಗೆ ಇರ್ತಿದ್ನಾ, ಮೇಷ್ಟ್ರು ತಲೆಯಾಡಿಸಿದರು, ಸಂಧ್ಯಾರಾಣಿ ತಲೆಯಾಡಿಸಿದಳು, ನಾನು ಹೊರಗೆ ಬಂದು ಎಳನೀರು ಚರಂಡಿಗೆ ಚೆಲ್ಲಿದೆ. ಅಣ್ಣ, ಅವನು ಕೈ ಎತ್ತಿ ಇಳಿಸಿದ, ನಾ ನೋಡೀನಿ. ನನಗೂ ಕಂಡೈತೆ ರಕ್ಷಿ. ಮತ್ತೆ. ಮತ್ತೇನು, ಕೈ ಎತ್ತಲಿಲ್ಲ ಅಂತ ಯಾವ ಕೇಸ್ ಹಾಕ್ತಿ, ಯಾರ ಮ್ಯಾಲರ ಕೈ ಎತ್ತಿದ್ರೆ ಕೇಸ್ ಐತೆ, ಎತ್ತದಿದ್ರೆ ಯಾವ ಕೇಸೂ ಇಲ್ಲ. ಅಣ್ಣ ಸುಮ್ಮನೆ ಹೇಳಿದ ಮಾತು, ನಾನು ಗಂಟು ಕಟ್ಟಿಕೊಂಡೆ. ಹೌದಲ್ಲ. ಎತ್ತದಿದ್ದರೆ ಯಾವ ಕೇಸೂ ಇಲ್ಲ.

ಗುಂಡಿ ಇದೆಯೋ ಮುಚ್ಚಿದ್ದಾರೋ ಅಂತ ಹೋದ ತಿಂಗಳು ಒಬ್ಬಳೇ ಬಸ್ಸಿನಲ್ಲಿ ಬಂದು ನೋಡಿಕೊಂಡು ಹೋದೆ, ಸ್ಕೂಲಿಗೆ ಜ್ವರ ಎಂದೆ, ಕಂಡಕ್ಟರು ಇಲ್ಲೇನೈತವಾ ಇಳಿಯಾಕೆ ಅಂದ, ನಮ್ ನೆಂಟರು ಅದಾರೆ ಅಂದೆ, ಇತ್ತು, ಹಾಗೇ ಇತ್ತು, ಇನ್ನೂ ದೊಡ್ಡದಾಗಿತ್ತು, ಅಂಚಿನಲ್ಲಿ ಕಲ್ಲು ಹಲ್ಲು ಕಿರಿದಿತ್ತು, ಅದರ ಪಕ್ಕ ಕುಕ್ಕುರುಗಾಲಲ್ಲಿ ಕೂತು ಮಾತಾಡಿಸಿದೆ, ಚೆನ್ನಾಗಿದ್ದೀಯಾ, ಇರು, ಎಲ್ಲೂ ಹೋಗಬೇಡ. ನೆಂಟರು ತಾನೇ. ಇವತ್ತು ಬೆಳಿಗ್ಗೆ ಜಗಳೂರಿನಲ್ಲಿ ಸೈಕಲ್ಲಿಗೆ ಗಾಳಿ ಹೊಡೆಯುತ್ತಿರುವಾಗ ಅಣ್ಣನ ವಿಡಿಯೋ ಕಾಲ್, ಹಿಂದೆ ಅವ್ವ ರೊಟ್ಟಿ ಬಡಿಯುವ ಸದ್ದು, ರಕ್ಷಿ, ಹುಷಾರು ಕಣೇ, ಗಡಿ ಹತ್ರ ಆ ಗುಂಡಿ ಇನ್ನೂ ಐತಂತೆ, ಲಾರಿಯೋರು ಹೇಳಿದ್ರು, ನೀ ಮುಂದಿದ್ರೆ ಹಿಂದಿನೋರಿಗೆ ಕೈ ತೋರ್ಸು, ಮರೀಬ್ಯಾಡ. ಆತು ಬಿಡಣ್ಣ. ಆತು ಬಿಡಣ್ಣ ಅಲ್ಲ, ಬಾಯ್ಬಿಟ್ಟು ಹೇಳು. ತೋರಿಸ್ತೀನಿ ಅಂದೆ. ಟಾಟಾ ಮಾಡಲು ಕೈ ಎತ್ತಿದ, ಎಡಗೈ, ಮರೆತು, ಪರದೆಯ ಅಂಚಿಗೆ ಬಂದು ನಿಂತಿತು, ಅರ್ಧ, ಬೆರಳು ಬಿಚ್ಚಿದ್ದವು. ನನಗೆ ರಕ್ಷಾ ಅಂತ ಹೆಸರಿಟ್ಟವನೂ ಅವನೇ, ಅವ್ವ ಬೇರೆ ಏನೋ ಇಡಬೇಕೆಂದಿದ್ದಳಂತೆ, ರಕ್ಷಾ ಅಂತ ಇಡವಾ, ಕಾಯೋಳು ಆಗ್ತಾಳೆ ಅಂದನಂತೆ, ಕಾಯುತ್ತೇನೆ ಅಣ್ಣ, ಒಂದು ವರ್ಷದಿಂದ ಕಾದೇ ಇದ್ದೇನೆ, ಹೊಂಚು ಹಾಕುವುದಕ್ಕೂ ಕಾಯುವುದು ಎಂದೇ ಹೇಳುತ್ತಾರೆ.

ಕುರೀ, ಸಂಧ್ಯಾರಾಣಿಯ ಕೈ ನೆಟ್ಟಗೆ ಮೇಲೆ, ಕುರೀ ನಾನು, ಕುರೀ ಗುರಣ್ಣ, ಕುರೀ ಮೇಷ್ಟ್ರು, ಚಪ್, ಕುರಿಗಳು ನಮ್ಮ ಹೆಸರನ್ನು ನಾವೇ ಕೂಗಿಕೊಳ್ಳುತ್ತಿದ್ದೇವೆಂದು ತಿಳಿದವೋ ಏನೋ, ಒಮ್ಮೆ ತಲೆಯೆತ್ತಿ ನೋಡಿ ದಾರಿ ಬಿಟ್ಟವು. ಶೇಂಗಾ ಹೊಲ, ಕಿತ್ತು ಗುಡ್ಡೆ ಹಾಕಿದ ಬಳ್ಳಿಯ ಹಸಿ ವಾಸನೆ, ಬಂಡೆಯ ಮೇಲೆ ಬಂಡೆ ಕೂತ ಗುಡ್ಡಗಳು, ಮೊಳಕಾಲ್ಮೂರು ಬಂತು, ಚಹಾದಂಗಡಿಯ ಹಿಂದೆ ಯಾರದೋ ಮನೆಯಲ್ಲಿ ಮಗ್ಗದ ಸದ್ದು, ಟಕ ಟಕ, ಒಂದು ಕೈ ಎಳೆಯುತ್ತದೆ ಲಾಳಿ ಓಡುತ್ತದೆ, ಎಲ್ಲಿ ನೋಡಿದರೂ ಕೈಯೇ. ಇಲ್ಲಿಂದ ಕೊನೆಯ ದಾರಿ, ಯಾರು ಮುಂದೆ ಹೊಡೀತೀರಿ, ಗಾಳಿ ಭಾಳ ಐತೆ, ಅಂದರು ಮೇಷ್ಟ್ರು. ನಾನು. ನೀನಾ, ಗಂಟಲು ಕಟ್ಟೈತೆ ಅಂತಿದ್ದಿ. ಕಾಲು ಕಟ್ಟಿಲ್ಲ ಮೇಷ್ಟ್ರೇ. ನಕ್ಕರು. ಗುರಣ್ಣ, ನೀವು ನನ್ ಹಿಂದೆ ಬರ್ರಿ, ಗಾಳಿ ನಾ ತಿಂತೀನಿ, ಕೊನೀಗೆ ನೀವು ಹೊಡೀರಿ, ಪೇಟ ನಿಮ್ಮನ್ಯಾಗೇ ಇರ್ಲಿ. ಇಷ್ಟು ಸಿಹಿ ನನ್ನ ಬಾಯಲ್ಲಿ ಎಲ್ಲಿಂದ ಬಂತು, ಅವನದೇ ಹೋಳಿಗೆಯ ಬೆಲ್ಲ ಇರಬೇಕು. ಅವನು ಚಹಾದ ಲೋಟ ಹಿಡಿದು ನನ್ನನ್ನೇ ನೋಡಿದ, ಬೇಡ ಎನ್ನುತ್ತಾನೆ ಅಂದುಕೊಂಡೆ. ಆತವಾ, ಅಂದ. ಒಳ್ಳೇ ಹುಡುಗಿ ನೀನು. ಅಷ್ಟೇ. ಮತ್ತೆ ಸೈಕಲ್ಲು, ಮತ್ತೆ ಕನ್ನಡಿ, ಈಗ ಅವನು ನೇರ ಹಿಂದೆ, ತಲೆ ತಗ್ಗಿಸಿದ್ದಾನೆ, ಹಣೆಯೂ ಕಾಣುತ್ತಿಲ್ಲ, ಹೆಲ್ಮೆಟ್ಟಿನ ನೆತ್ತಿ ಮಾತ್ರ, ನನ್ನ ಬೆನ್ನು ಬಿಟ್ಟರೆ ಅವನಿಗೆ ಪ್ರಪಂಚದಲ್ಲಿ ಬೇರೇನೂ ಕಾಣುವುದಿಲ್ಲ, ಅವನ ಹಿಂದೆ ಎರಡಾಳು ಬಿಟ್ಟು ಸಂಧ್ಯಾರಾಣಿ, ಅವಳ ಹಿಂದೆ ಮೇಷ್ಟ್ರು, ಎಲ್ಲಾ ಸರಿಯಾಗಿದೆ, ಎಲ್ಲಾ ನಾನು ಕಂಡ ಕನಸಿನ ಹಾಗೇ ಇದೆ.

ತುಳಿ. ತುಳಿ. ಕೊನೆಯ ಪೆಟ್ರೋಲ್ ಬಂಕು, ಕರ್ನಾಟಕದ ರೇಟು ಎಂದು ಕನ್ನಡದಲ್ಲೂ ತೆಲುಗಿನಲ್ಲೂ ಬರೆದ ಬೋರ್ಡು, ಎರಡೂ ಲಿಪಿ ಅಕ್ಕತಂಗಿಯರ ಹಾಗೆ, ಒಬ್ಬಳು ತಲೆಗೆ ಕ್ಲಿಪ್ಪು ಹಾಕಿಕೊಂಡಿದ್ದಾಳೆ, ತುಳಿ, ದೂರದಲ್ಲಿ ರಾಯದುರ್ಗದ ಬೆಟ್ಟ, ಹಸಿರು ಬೋರ್ಡು, ಅದರ ಬುಡದಲ್ಲಿ ಸುಣ್ಣ ಬಳಿದ ಕಲ್ಲು, ಕಂಡಿತು, ಕಪ್ಪು ಡಾಂಬರು ಮುಗಿಯುವ ಗೆರೆ ಕಾಣುತ್ತಿದೆ, ಗೆರೆಯ ಎಡಕ್ಕೆ, ನೆಂಟರು ಎಡಕ್ಕೇ ಇದ್ದಾರೆ, ನೀರು ತುಂಬಿಕೊಂಡಿದ್ದಾರೆ, ಒಂದು ಮೋಡ ಮುಖ ನೋಡಿಕೊಳ್ಳುತ್ತಿದೆ. ನಾನು ಮಾಡಬೇಕಾದ್ದು ಏನೂ ಇಲ್ಲ. ಅದೇ ಇದರ ಚಂದ. ಏನೂ ಮಾಡದೇ ಇದ್ದರೆ ಸಾಕು, ನೆಟ್ಟಗೆ ಹೋಗಿ ಕೊನೆಯ ಗಳಿಗೆಯಲ್ಲಿ ಬಲಕ್ಕೆ ಜಾರಬೇಕು, ಅವನು ಜಾರಿದ ಹಾಗೆ, ಹಾವಿನ ಹಾಗೆ, ಮನೆಯ ಹಿಂದಿನ ಓಣಿಯಲ್ಲಿ ಒಂದು ಇಟ್ಟಿಗೆ ಇಟ್ಟುಕೊಂಡು ದಿನಾ ಕಲಿತಿದ್ದೇನೆ, ಆಮೇಲೆ ಹೇಳಬೇಕಾದ್ದೂ ಬಾಯಿಪಾಠ ಇದೆ, ಬರುತ್ತಿದೆ, ಬರುತ್ತಿದೆ, ಹತ್ತಿರ, ಗುರಣ್ಣನ ಚಕ್ರದ ಸುರ್ ಎನ್ನುವ ಸದ್ದು ನನ್ನ ಹಿಂಚಕ್ರಕ್ಕೇ ತಾಗಿದಂತೆ, ಈಗ — ಕೈ ಹ್ಯಾಂಡಲ್ ಬಿಟ್ಟಿತು. ಯಾರು ಬಿಡು ಎಂದರು. ನಾನು ಹೇಳಲಿಲ್ಲ. ಮೇಷ್ಟ್ರ ಪೀಪಿ, ಅಣ್ಣನ ಹೇಳು ಬಾಯ್ಬಿಟ್ಟು ಹೇಳು, ಇಷ್ಟು ವರ್ಷ ಎತ್ತಿ ಎತ್ತಿ ರೂಢಿಯಾದ ಕೈ ಗುಂಡಿ ಕಂಡೊಡನೆ ತಾನೇ ಎದ್ದುಬಿಟ್ಟಿತು, ಸೊಂಟ ದಾಟಿತು, ಪಕ್ಕೆ ದಾಟಿತು, ಏ, ಬೇಡ, ಇಳಿ, ಭುಜದ ಮಟ್ಟಕ್ಕೆ ಬಂದದ್ದನ್ನು ಹಿಡಿದು ನಿಲ್ಲಿಸಿದೆ, ನಿಂತಿತು, ಮೊಣಕೈ ಮಡಚಿ, ಬೆರಳು ಬಿಚ್ಚಿ, ಗಂಟಲಿನಲ್ಲಿ ಗು ಎನ್ನುವಷ್ಟು ಬಂದು ನಿಂತಿತು, ಕಣ್ಣು ಕನ್ನಡಿಗೆ ಹೋಯಿತು, ಕನ್ನಡಿಯಲ್ಲಿ, ತಲೆ ತಗ್ಗಿಸಿಯೇ ಇರುವ, ರಸ್ತೆ ಕಾಣಲು ಸಾಧ್ಯವೇ ಇಲ್ಲದ ಗುರಣ್ಣನ ಎಡಗೈ, ಹವಳದ ಉಂಗುರ, ಮೇಲಕ್ಕೆ, ಇನ್ನೂ ಮೇಲಕ್ಕೆ, ತಲೆ ದಾಟಿ, ಕರೆಂಟ್ ಕಂಬದಂತೆ ನೆಟ್ಟಗೆ, ಪೂರ್ತಿ. ಗುಂಡೀಈ, ಬಲಕ್ಕ್ ಬರ್ರೀ. ಗುರಣ್ಣನ ದನಿ. ಗುಂಡೀ, ಸಂಧ್ಯಾರಾಣಿ. ಗುಂಡೀ, ಮೇಷ್ಟ್ರು. ಎಲ್ಲರೂ ಬಲಕ್ಕೆ ಸರಿದರು, ನೀರು ಕುಡಿದು ತಿರುಗುವ ಎತ್ತುಗಳ ಹಾಗೆ ಸಾಲಾಗಿ, ಸರಿಯದೇ ಉಳಿದವಳು ನಾನೊಬ್ಬಳೇ, ಒಂದೇ ಕೈಯಲ್ಲಿ ಹ್ಯಾಂಡಲ್ ಕಿತ್ತೆಳೆದೆ, ಹಿಂಚಕ್ರ ಗುಂಡಿಯ ಅಂಚು ಕಚ್ಚಿತು, ಕೆಸರು ಮುಖಕ್ಕೆ ರಾಚಿತು, ಸೈಕಲ್ಲು ತೂರಾಡಿ, ತೂರಾಡಿ, ಬೀಳದೆ, ತಾನಾಗಿ ಓಡಿ ಹೋಗಿ ಸುಣ್ಣದ ಕಲ್ಲಿಗೆ ಡಿಕ್ಕಿ ಹೊಡೆದು ನಿಂತಿತು.

ರಕ್ಷಾ ಮುಟ್ಟಿದ್ಲು, ರಕ್ಷಾನೇ ಮೊದ್ಲು, ಟೆಂಪೋದಿಂದ ಜಂಪಣ್ಣ ಕೂಗುತ್ತಾನೆ, ಗಡಿಗೌಡ್ತಿ ಅಂತ ಕರೀಬೇಕು ಈಗ, ತಡೀರಿ, ಬಾವುಟ ತರ್ತೀನಿ, ಫೋನೂ ಟೆಂಪೋದಾಗೇ ಐತೆ. ಗುರಣ್ಣ ಇಳಿದ. ಚೀಲದಿಂದ ಜರಿ ಪೇಟ ತೆಗೆದ, ಕೊಡವಿದ, ನನ್ನ ಎದುರು ಬಂದು ನಿಂತ, ನಮ್ಮ ಕೇರಿಯ ತಲೆ, ಅವನ ಕೈ, ನಮ್ಮವ್ವ ಕಾಣದ್ದು ನಡೆಯುತ್ತಿದೆ, ನನಗೆ ಖುಷಿಯಾಗಬೇಕು, ಮೊದಲ ಸುತ್ತು ಹಣೆಯ ಮೇಲೆ ಬಂತು, ಬಟ್ಟೆಗೆ ಕರ್ಪೂರದ ವಾಸನೆ, ಅವನ ಬಾಯಿ ನನ್ನ ಕಿವಿಯ ಹತ್ತಿರ, ಬೇರೆ ಯಾರಿಗೂ ಕೇಳದಷ್ಟು ಮೆಲ್ಲಗೆ, ಯಾಕವಾ, ಕಂಡ್ರೂ ಕೈ ಎತ್ತಲಿಲ್ಲ. ಆಗ ಬಂತು, ನಾನು ಕರೆಯಲಿಲ್ಲ, ವರ್ಷದಿಂದ ಗಂಟಲಿನಲ್ಲಿ ಕಾದಿದ್ದು ತಾನೇ ಬಂತು, ಮೂಗಿನಿಂದ ಹೊರಟು, ಭಾರವಾಗಿ ಇಳಿದು, ನಾ ನೋಡ್ಲೇ ಇಲ್ಲ ಕಣ್ರಪ್ಪಾ, ನೋಡಿದ್ರೆ ಕೈ ಎತ್ತದಂಗೆ ಇರ್ತಿದ್ನಾ. ಮೇಷ್ಟ್ರು ಜೋರಾಗಿ ನಕ್ಕರು, ಅಭ್ಯಾಸ, ನಾನು ಗುರಣ್ಣನ ದನಿ ಮಾಡಿದರೆ ನಗಬೇಕು, ಆಹಾ, ಗಂಟಲು ಕಟ್ಟೈತಂತೆ ಗಂಟಲು, ಥೇಟ್ ಗುರುಬಸವರಾಜೇ. ಸಂಧ್ಯಾರಾಣಿ ನಗಲಿಲ್ಲ. ಗುರಣ್ಣ ನಗಲಿಲ್ಲ. ನಾನು ನನ್ನ ದನಿಗೆ ಬಂದೆ, ನನ್ನ ಬೆನ್ನ ಹಿಂದಿದ್ರಲ್ಲ ಗುರಣ್ಣ, ತಲೆ ತಗ್ಗಿಸಿಕೊಂಡಿದ್ರಿ, ನಿಮಗೆ ಗುಂಡಿ ಹೆಂಗೆ ಕಾಣ್ತು. ಮೇಷ್ಟ್ರ ನಗು ಅರ್ಧಕ್ಕೆ ನಿಂತಿತು. ಹೌದಲ್ಲ, ಹೆಂಗಪ್ಪಾ, ಅಂದರು, ಇನ್ನೂ ಬಾಯಲ್ಲಿ ನಗುವಿತ್ತು. ಇಲ್ಲಿ ಗುಂಡಿ ಐತೆ ಅಂತ ಗೊತ್ತಿತ್ತು ಮೇಷ್ಟ್ರೇ. ಯಾವಾಗಿಂದ. ಯಾವಾಗಿಂದ ಗುರುಬಸವರಾಜ್, ಭೀಮೇಶ ಬಿದ್ದ ಮ್ಯಾಲೋ, ಬೀಳೋಕ್ ಮುಂಚೇನೋ, ನೀ ಹೋದ ವರ್ಷ ನೋಡೇ ಇಲ್ಲ ಅಂದಿದ್ದಿ. ಪೇಟದ ಬಟ್ಟೆ ಹಿಡಿದ ಅವನ ಎರಡು ಕೈಗಳೂ ನನ್ನ ತಲೆಯ ಎರಡು ಬದಿಯಲ್ಲಿ, ಗಾಳಿಯಲ್ಲಿ, ಅಲ್ಲಲ್ಲೇ ನಿಂತವು, ಸುತ್ತಲೂ ಆಗದೆ ಬಿಡಲೂ ಆಗದೆ, ಹವಳ ನನ್ನ ಕಣ್ಣಿನ ಪಕ್ಕದಲ್ಲೇ. ಮೇಷ್ಟ್ರು ಕೊರಳಿನ ಪೀಪಿಯನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡರು. ಆಯಿತು. ಇದೇ ತಾನೇ ಬೇಕಾಗಿದ್ದು, ಬಿದ್ದ, ಗುಂಡಿಯಿಲ್ಲದೇ ಬಿದ್ದ, ಎಲ್ಲರ ಕಣ್ಣೆದುರಿಗೆ, ಗೆದ್ದೆ ಅಣ್ಣ, ಸಂಜೆ ಫೋನ್ ಮಾಡಿ ಎರಡೂ ದನಿಯಲ್ಲಿ ಹೇಳುತ್ತೇನೆ, ಯಾವಾಗಿಂದ ಗುರುಬಸವರಾಜ್ — ರಕ್ಷಾ. ಸಂಧ್ಯಾರಾಣಿ. ಸೂಜಿ ಚುಚ್ಚುವ ಮುಂಚೆ ಮಾತಾಡುವ ದನಿ. ನಿನ್ ಕೈ ಎದ್ದಿತ್ತಲ್ಲ. ನಾ ಹಿಂದಿಂದ ನೋಡಿದೆ. ಅರ್ಧ ಎದ್ದಿತ್ತು. ಆಮೇಲೆ ಯಾಕೆ ನಿಲ್ಲಿಸಿದೆ. ಗಾಳಿ. ಬೋರ್ಡಿನ ತಗಡು ಬಡಿದುಕೊಳ್ಳುತ್ತಿದೆ. ಬೆವರು ಒರೆಸಿಕೊಳ್ಳೋಕೆ ಅಂತ ಹೇಳಬಹುದು, ಮೇಷ್ಟ್ರೇ ಹೇಳಿಕೊಟ್ಟಿದ್ದಾರಲ್ಲ, ಯಾವನಿಗ್ ಗೊತ್ತಾಗ್ತೈತೆ, ಯಾರ ದನಿಯಲ್ಲಿ ಹೇಳಲಿ, ಅವನ ದನಿ ಆಯಿತು, ಮೇಷ್ಟ್ರದು ಆಯಿತು, ನನ್ನದು ಎಲ್ಲಿ, ನನ್ನದು ಗು ಎನ್ನುವಲ್ಲೇ ನಿಂತಿದೆ, ಮುಂದಕ್ಕೆ ಅಕ್ಷರವಿಲ್ಲ. ಜಂಪಣ್ಣ ಬಂದ, ಬಾವುಟ ತಂದ, ಅವನಿಗೇನೂ ಗೊತ್ತಿಲ್ಲ, ಫೋನ್ ಹಿಡಿದು ಹಿಂದಕ್ಕೆ ಹಿಂದಕ್ಕೆ ಹೋಗುತ್ತಿದ್ದಾನೆ, ಯಾಕ್ರೀ ಎಲ್ಲಾರೂ ಹಿಂಗ್ ನಿಂತೀರಿ, ನಗ್ರಿ, ರಕ್ಷವ್ವ, ಕೈ ಎತ್ತು, ಭೀಮೇಶಂಗೆ ಈಗ್ಲೇ ಕಳಿಸ್ತೀನಿ, ಎತ್ತವಾ, ಎಡಗೈ. ಎತ್ತುತ್ತೇನೆ. ಸೊಂಟ. ಪಕ್ಕೆ. ಭುಜ. ಪೂರ್ತಿ ಎತ್ತು, ಅನ್ನುತ್ತಾನೆ ಜಂಪಣ್ಣ, ಪೂರ್ತಿ. ಮೊಣಕೈ ಮಡಚಿ, ಬೆರಳು ಬಿಚ್ಚಿ